ಖರ್ಚು ಇಳಿಸಲು ಹೋಗಿ ತಾಯಿಯ ತಟ್ಟೆ ಬರಿದಾದ ಮನೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ಉದ್ಯೋಗ, ವಯಸ್ಸು ಮುಂತಾದ ವಿವರಗಳನ್ನು ಬದಲಿಸಲಾಗಿದೆ. ಪ್ರಕರಣವನ್ನು ಬರೆಯಲು ದಂಪತಿಯ ಒಪ್ಪಿಗೆ ಪಡೆಯಲಾಗಿದೆ.)

ಶ್ರೀಮತಿ ಸ ಮತ್ತು ಅವರ ಗಂಡ ನಮ್ಮ ಕುಟುಂಬ ಸಲಹಾ ಕೇಂದ್ರಕ್ಕೆ ಬಂದದ್ದು ಜಗಳದ ಕಾರಣಕ್ಕೆ. ತುಮಕೂರಿನಲ್ಲಿ ಬಾಡಿಗೆ ಮನೆ. ಗಂಡನಿಗೆ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಹೆಂಡತಿಗೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ. ಹನ್ನೊಂದು ಮತ್ತು ಏಳು ವರ್ಷದ ಇಬ್ಬರು ಮಕ್ಕಳು, ಜೊತೆಗೆ ಸಕ್ಕರೆ ಕಾಯಿಲೆಯಿರುವ ಅತ್ತೆ. ಇಬ್ಬರ ಸಂಬಳ ಸೇರಿ ತಿಂಗಳಿಗೆ ಮೂವತ್ತೆಂಟು ಸಾವಿರ. ಬಾಡಿಗೆ, ಶಾಲೆಯ ಶುಲ್ಕ, ಒಂದು ಸಾಲದ ಕಂತು ಕಳೆದರೆ ತಿಂಗಳ ಇಪ್ಪತ್ತರ ಹೊತ್ತಿಗೆ ಕೈ ಖಾಲಿ. ಈ ಆದಾಯಕ್ಕೆ ಬಿಪಿಎಲ್ ಚೀಟಿ ಸಿಗುವುದಿಲ್ಲ. ಹಾಗಾಗಿ ಅಕ್ಕಿಯಿಂದ ಹಿಡಿದು ಎಲ್ಲವೂ ಅಂಗಡಿಯದೇ.

ಗಂಡನ ದೂರು ಒಂದೇ: “ದುಡ್ಡೆಲ್ಲ ಅಡುಗೆಮನೆಗೇ ಹೋಗುತ್ತದೆ, ಇವಳಿಗೆ ಸಂಸಾರ ತೂಗಿಸಲು ಬರುವುದಿಲ್ಲ.” ಹೆಂಡತಿ ಹೆಚ್ಚು ಮಾತಾಡಲಿಲ್ಲ. ಕೈಚೀಲದಿಂದ ಒಂದು ಲೆಕ್ಕದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಅಕ್ಕಿ, ಬೇಳೆ, ಎಣ್ಣೆ, ಹಾಲು, ಸೊಪ್ಪು ಎಲ್ಲವೂ ದಿನಾಂಕದ ಸಮೇತ ಅದರಲ್ಲಿತ್ತು. ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಡುವವರಿಗೆ ಸಂಸಾರ ತೂಗಿಸಲು ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪಲಿಲ್ಲ, ಒಪ್ಪುವುದಿಲ್ಲವೆಂದು ಗಂಡನ ಎದುರಿನಲ್ಲೇ ಹೇಳಿದೆ.

ಶ್ರೀಮತಿ ಸ ಅವರೊಬ್ಬರನ್ನೇ ಕೂರಿಸಿಕೊಂಡು, ನಿನ್ನೆ ಏನು ಉಂಡಿರಿ ಎಂದು ಕೇಳಿದೆ. “ಬೆಳಿಗ್ಗೆ ಅವರಿಗೆ ದೋಸೆ, ಮಕ್ಕಳ ಡಬ್ಬಿಗೆ ಚಿತ್ರಾನ್ನ, ಅತ್ತೆಗೆ ಎರಡು ಚಪಾತಿ” ಎಂದರು. ನೀವೇನು ಉಂಡಿರಿ ಎಂದು ಮತ್ತೆ ಕೇಳಬೇಕಾಯಿತು. ಬೆಳಿಗ್ಗೆ ಚಹಾ, ಎರಡು ಬಿಸ್ಕತ್ತು. ಮಧ್ಯಾಹ್ನ ಕಾರ್ಖಾನೆಯಲ್ಲಿ ಅನ್ನ, ಉಪ್ಪಿನಕಾಯಿ, ಮೇಲೊಂದು ಚಹಾ. ರಾತ್ರಿ ಎಲ್ಲರದ್ದೂ ಆದ ಮೇಲೆ ತಳದಲ್ಲಿ ಉಳಿದ ಅನ್ನಕ್ಕೆ ತಿಳಿಸಾರು. ಪಲ್ಯ ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಮೊಟ್ಟೆ ಮಕ್ಕಳಿಗೆ ಮಾತ್ರ. “ಉಳಿಸಬೇಕಲ್ಲ ಮೇಡಂ, ನನ್ನದರಲ್ಲಿ ಉಳಿಸಿದರೆ ಯಾರಿಗೂ ತೊಂದರೆಯಿಲ್ಲ” ಎಂದರು. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ತಲೆಸುತ್ತು. ಇದೂ ಕೇಳಿದ ಮೇಲೆಯೇ ಹೊರಬಂತು.

ಉಳಿತಾಯದ ಮಾತು ಬಂದಾಗಲೆಲ್ಲ ನಾನು ಮೊದಲು ಈ ಪ್ರಶ್ನೆ ಕೇಳುವುದು ಇದಕ್ಕಾಗಿಯೇ. ಕೊನೆಗೆ ಉಣ್ಣುವವರ ಪಾಲಿನಲ್ಲಿ ಕಡಿತ ಶುರುವಾಗುತ್ತದೆ, ಅದು ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಣದ ಮಾತನ್ನೆಲ್ಲ ಬದಿಗಿಟ್ಟು ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದೆ. ಹಿಮೋಗ್ಲೋಬಿನ್ 8.9 ಬಂತು. ಗರ್ಭಿಣಿಯಲ್ಲದ ಮಹಿಳೆಗೆ ಕನಿಷ್ಠ 12 ಇರಬೇಕು. ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಸೊಪ್ಪು ತಿಂದರೆ ಸಾಕು, ಮಾತ್ರೆ ಬೇಡ ಎಂದು ಅತ್ತೆ ಹೇಳಿದ್ದರಂತೆ. ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಸ್ವಲ್ಪವೇ ಹೀರಿಕೊಳ್ಳುತ್ತದೆ, ಇಷ್ಟು ಇಳಿದ ಮೇಲೆ ಆಹಾರವೊಂದರಿಂದಲೇ ಏರುವುದಿಲ್ಲ ಎಂದು ಅತ್ತೆಯನ್ನೂ ಕೂರಿಸಿ ವಿವರಿಸಿದೆ. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಅನೇಕರು ಹೆದರಿ ನಿಲ್ಲಿಸಿಬಿಡುತ್ತಾರೆ. ಊಟದ ಜೊತೆಗಿನ ಚಹಾ ಬಿಟ್ಟು ಒಂದು ಗಂಟೆ ಅಂತರ ಇಡುವುದು, ಸೊಪ್ಪು ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳುವುದು, ಇವೆರಡಕ್ಕೆ ದುಡ್ಡೇನೂ ಬೇಕಿಲ್ಲ.

ಲೆಕ್ಕಕ್ಕೆ ಬಂದದ್ದು ಆಮೇಲೆ. ಒಂದು ತಿಂಗಳು ಇಬ್ಬರೂ ಒಂದೇ ಪುಸ್ತಕದಲ್ಲಿ ಬರೆಯಬೇಕು, ಗಂಡನ ಮೊಬೈಲ್‌ನಿಂದ ಯುಪಿಐ ಮೂಲಕ ಹೋದದ್ದೂ ಅದರಲ್ಲಿರಬೇಕು ಎಂದೆ. ಅಡುಗೆಮನೆಗೆ ಒಂಬತ್ತು ಸಾವಿರ ಹೋಗುತ್ತದೆಂದು ಇಬ್ಬರೂ ನಂಬಿದ್ದರು. ತಿಂಗಳ ಕೊನೆಗೆ ಕೂಡಿದಾಗ 14,300 ಆಯಿತು. ಕಿರಾಣಿ 5,200, ಹಾಲು ಮೊಸರು 2,000, ತರಕಾರಿ ಹಣ್ಣು 1,900, ಮೊಟ್ಟೆ ಮಾಂಸ 900. ಉಳಿದ 4,300 ರೂಪಾಯಿ ಬೇಕರಿ, ಚಿಪ್ಸ್, ಬಿಸ್ಕತ್ತು, ತಂಪು ಪಾನೀಯ, ಮಕ್ಕಳ ಹಾಲಿಗೆ ಬೆರೆಸುವ ಪುಡಿ, ರಾತ್ರಿ ಮೊಬೈಲ್‌ನಲ್ಲಿ ತರಿಸಿದ ಊಟ, ಇವಕ್ಕೆ ಹೋಗಿತ್ತು. ಹೆಂಡತಿಯ ಪುಸ್ತಕಕ್ಕೆ ಇವುಗಳಲ್ಲಿ ಬಹುಪಾಲು ಬಂದೇ ಇರಲಿಲ್ಲ. ಹತ್ತು, ಇಪ್ಪತ್ತು ಎಂದು ಅತ್ತೆಯೂ ಗಂಡನೂ ಕೊಟ್ಟಿದ್ದು ಖರ್ಚೆಂದು ಯಾರಿಗೂ ಅನಿಸಿರಲಿಲ್ಲ. ಗಂಡ ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. ಅವರ ತಪ್ಪನ್ನು ಎತ್ತಿ ಆಡಲು ಹೆಂಡತಿ ಹೋಗಲಿಲ್ಲ, ನಾನೂ ಬಿಡಲಿಲ್ಲ. ಇಬ್ಬರೂ ದಣಿದು ಮನೆಗೆ ಬರುತ್ತಾರೆ. ದಣಿದವರು ಪೊಟ್ಟಣ ಕೊಳ್ಳುತ್ತಾರೆ. ಅದನ್ನು ಸೋಮಾರಿತನವೆಂದು ಹೆಸರಿಟ್ಟರೆ ಯಾವ ಸಲಹೆಯೂ ನಾಟುವುದಿಲ್ಲ.

ಇನ್ನೊಂದು ಭೇಟಿಗೆ ಮಕ್ಕಳನ್ನೂ ಕರೆದುಕೊಂಡು ಬರಲು ಹೇಳಿದ್ದೆ. ದೊಡ್ಡ ಮಗಳ ಕೈಯಲ್ಲಿ ಹತ್ತು ರೂಪಾಯಿಯ ಚಿಪ್ಸ್ ಪೊಟ್ಟಣ ಇತ್ತು. ಹಿಂಬದಿ ತಿರುಗಿಸಿ ತೂಕ ಓದಲು ಹೇಳಿದೆ. ಇಪ್ಪತ್ತನಾಲ್ಕು ಗ್ರಾಂ. ಒಂದು ಕಿಲೋಗೆ ಎಷ್ಟಾಯಿತು ಎಂದು ಕೇಳಿ ಕಾಗದ ಕೊಟ್ಟೆ. ತುಟಿ ಕಚ್ಚಿಕೊಂಡು ಭಾಗಾಕಾರ ಮಾಡಿ ನಾನೂರ ಹದಿನಾರು ಎಂದಳು. ತಪ್ಪಾಯಿತೆಂದು ತಾನೇ ಮತ್ತೊಮ್ಮೆ ಮಾಡಿದಳು, ಅದೇ ಬಂತು. “ಅಷ್ಟಕ್ಕೆ ಕೋಳಿ ಬರುತ್ತದಲ್ಲಮ್ಮ” ಎಂದಳು ತಾಯಿಯ ಕಡೆ ತಿರುಗಿ. ಹೆಚ್ಚಿನ ಪೊಟ್ಟಣಗಳ ಮೇಲೆ ಗ್ರಾಂ ಅಥವಾ ಕಿಲೋ ಲೆಕ್ಕದ ಬೆಲೆಯನ್ನು ಮುದ್ರಿಸುವುದು ಈಗ ಕಡ್ಡಾಯವಾಗಿದೆ. ಅದನ್ನು ಓದುವ ಜವಾಬ್ದಾರಿ ಅಂದಿನಿಂದ ಆ ಹುಡುಗಿಯದೇ ಆಯಿತು. ಮಕ್ಕಳಿಗೆ ತಿಂಡಿ ಬೇಡವೆಂದು ನಿಷೇಧ ಹಾಕಬೇಡಿ, ವಾರಕ್ಕೊಂದು ಅವರ ಆಯ್ಕೆಯದು ಇರಲಿ ಎಂದೆ. ಪೂರ್ತಿ ನಿಲ್ಲಿಸಿದ ಮನೆಗಳಲ್ಲಿ ಅದು ಕದ್ದು ನಡೆಯುತ್ತದೆ.

ಹಾಲಿಗೆ ಬೆರೆಸುವ ಪುಡಿಯ ಡಬ್ಬವನ್ನೂ ನೋಡಿದೆವು. ಕಿಲೋಗೆ ನಾನೂರರ ಹತ್ತಿರ. ನೂರು ಗ್ರಾಂನಲ್ಲಿ ಮೂವತ್ತು ಗ್ರಾಂಗೂ ಹೆಚ್ಚು ಸಕ್ಕರೆ ಎಂದು ಅದರ ಬೆನ್ನ ಮೇಲೇ ಬರೆದಿತ್ತು. ಇಂಥವನ್ನು ‘ಆರೋಗ್ಯ ಪೇಯ’ದ ಪಟ್ಟಿಯಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತ್ತು. ಆಹಾರ ಸುರಕ್ಷತೆಯ ಕಾನೂನಿನಲ್ಲಿ ಆ ಹೆಸರಿಗೆ ವ್ಯಾಖ್ಯಾನವೇ ಇಲ್ಲ. ಅದರ ಬದಲು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅತ್ತೆಯ ಮುಖ ಅರಳಿದ್ದು ಇಲ್ಲಿ. ಹಿಟ್ಟು ಮಾಡಿಕೊಡುವ ಹೊಣೆಯನ್ನು ಅವರೇ ಕೇಳಿ ಪಡೆದರು.

ಈಗ ನಾನು ಕೊಟ್ಟ ಮುಖ್ಯ ಸಲಹೆ. ಕಡಿತಕ್ಕೆ ಮೊದಲು, ಯಾವುದನ್ನು ಕಡಿತ ಮಾಡಲೇಬಾರದು ಎಂಬುದನ್ನು ಬರೆದಿಟ್ಟುಕೊಳ್ಳಿ ಎಂದೆ. ಕಾಳು ಬೇಳೆ, ಮೊಟ್ಟೆ, ಹಾಲು, ಸೊಪ್ಪು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯು ಒಬ್ಬರಿಗೆ ದಿನಕ್ಕೆ ಬೇಳೆ, ಮೊಟ್ಟೆ, ಮಾಂಸ ಸೇರಿ ಸುಮಾರು 85 ಗ್ರಾಂ ಸೂಚಿಸುತ್ತದೆ. ಈ ಐವರ ಮನೆಗೆ ತಿಂಗಳಿಗೆ ಬರುತ್ತಿದ್ದದ್ದು ಮೂರು ಕಿಲೋ ತೊಗರಿಬೇಳೆ, ಅಷ್ಟೇ. ಬೇಳೆ ದುಬಾರಿಯೆಂದು ಸಾರನ್ನು ತಿಳಿಯಾಗಿಸುತ್ತಾ ಹೋಗಿದ್ದರು. ಹುರುಳಿ, ಹೆಸರು, ಅಲಸಂದೆ, ಕಡಲೆ ಸೇರಿಸಿ ಏಳು ಕಿಲೋಗೆ ಏರಿಸಿ ಎಂದಾಗ ಗಂಡ, “ಉಳಿಸಲು ಬಂದರೆ ಖರ್ಚು ಹೆಚ್ಚಿಸುತ್ತೀರಲ್ಲ” ಎಂದರು. ಹುರುಳಿಯಲ್ಲಿ ತೊಗರಿಯಷ್ಟೇ ಪ್ರೋಟೀನ್ ಇದೆ, ನೂರು ಗ್ರಾಂಗೆ 22 ಗ್ರಾಂ ಸುಮಾರು. ಬೆಲೆ ತೊಗರಿಗಿಂತ ಸಾಕಷ್ಟು ಕಡಿಮೆ. ಅತ್ತೆಯ ಊರಿನ ಕಡೆ ಅದನ್ನು ಬೆಳೆದವರಿಂದಲೇ ಕೊಳ್ಳಬಹುದು.

ಮತ್ತೆ ಬಸ್ಸಾರು. ಶ್ರೀಮತಿ ಸ ಅವರಿಗೆ ಗೊತ್ತಿರುವುದನ್ನೇ ನೆನಪಿಸಿದೆ. ಹುರುಳಿಯನ್ನು ಬೇಯಿಸಿ, ದಂಟಿನ ಸೊಪ್ಪೋ ಕೀರೆಯೋ ಹಾಕಿ, ಕಟ್ಟು ಬಸಿದರೆ ಸಾರು ಒಂದು ಕಡೆ, ಒಗ್ಗರಣೆ ಹಾಕಿದ ಪಲ್ಯ ಇನ್ನೊಂದು ಕಡೆ. ಒಂದೇ ಕುಕ್ಕರಿನಲ್ಲಿ ಎರಡು ಪದಾರ್ಥ, ಸೊಪ್ಪು ಬೆಂದ ನೀರೂ ವ್ಯರ್ಥವಾಗುವುದಿಲ್ಲ. ನಮ್ಮ ಹಳೇ ಮೈಸೂರು ಕಡೆಯ ಹೆಂಗಸರು ಕಡಿಮೆ ಸೌದೆಯಲ್ಲಿ, ಕಡಿಮೆ ದುಡ್ಡಿನಲ್ಲಿ ಮನೆಮಂದಿಗೆಲ್ಲ ಗಟ್ಟಿ ಊಟ ಹಾಕಿದ ಅಡುಗೆ ಇದು. ಯಾವ ಆಹಾರ ಪಟ್ಟಿಗಿಂತಲೂ ನನಗೆ ಇದರ ಮೇಲೆ ನಂಬಿಕೆ ಹೆಚ್ಚು. ಮೊದಲ ದಿನ ಬಸ್ಸಾರು, ಮಾರನೆಯ ದಿನ ಉಳಿದ ಸಾರು ಇನ್ನಷ್ಟು ರುಚಿ. ಅದಕ್ಕೆ ಮುದ್ದೆ. ಮುದ್ದೆ ತಿಂದರೆ ಸಕ್ಕರೆ ಏರುವುದೇ ಇಲ್ಲವೆಂದು ಅತ್ತೆ ನಂಬಿದ್ದರು. ರಾಗಿಯಲ್ಲೂ ಪಿಷ್ಟವೇ ಹೆಚ್ಚು, ಮುದ್ದೆ ಚಿಕ್ಕದಿರಲಿ, ಕಾಳಿನ ಪಲ್ಯ ಹೆಚ್ಚಿರಲಿ, ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಿ ಎಂದೆ.

ತೆಂಗಿನಕಾಯಿಯ ವಿಷಯದಲ್ಲಿ ಜಗಳವೇ ಆಯಿತು. ತುಮಕೂರಿನವರಿಗೆ ಕಾಯಿ ಕಡಿಮೆ ಮಾಡಿ ಎನ್ನುವುದು ಸುಲಭವಲ್ಲ. ಆದರೆ 2025ರಲ್ಲಿ ಕಾಯಿಯ ಬೆಲೆ ಏರಿದ ಪರಿ ಎಲ್ಲರಿಗೂ ಗೊತ್ತು. ಚಟ್ನಿಗೆ ಅರ್ಧ ಕಾಯಿ, ಅರ್ಧ ಹುರಿದ ಕಡಲೆಕಾಯಿ ಬೀಜ. ವಾರದಲ್ಲಿ ಎರಡು ದಿನ ಹುಚ್ಚೆಳ್ಳಿನ ಚಟ್ನಿಪುಡಿ ಎಂಬಲ್ಲಿಗೆ ರಾಜಿಯಾಯಿತು. ಟೊಮೆಟೊ ಏರಿದ ವಾರ ಹುಣಸೆಹಣ್ಣು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ಇಡೀ ನಾಡು ಹಾಗೆಯೇ ಮಾಡಿತ್ತು. ಎಣ್ಣೆ ತಿಂಗಳಿಗೆ ಆರು ಲೀಟರ್ ಆಗುತ್ತಿತ್ತು, ನಾಲ್ಕಕ್ಕೆ ಇಳಿಸಬಹುದೆಂದೆ. ತರಕಾರಿಯನ್ನು ವಾರಕ್ಕೆರಡು ಬಾರಿ ಸಂಜೆಯ ಹೊತ್ತು ಮಾರುಕಟ್ಟೆಯಲ್ಲಿ, ಆ ಕಾಲದಲ್ಲಿ ಬೆಳೆದದ್ದನ್ನು ಕೊಳ್ಳಿ ಎಂದೆ. ಕಾಳನ್ನು ತಿಂಗಳಿಗಾಗುವಷ್ಟೇ ತನ್ನಿ. ಎರಡು ಕೊಂಡರೆ ಒಂದು ಉಚಿತವೆಂದು ತಂದದ್ದು ಮಳೆಗಾಲದಲ್ಲಿ ಹುಳುವಿನ ಪಾಲಾಗುತ್ತದೆ.

ಇದೆಲ್ಲ ಹೇಳುವುದು ಸುಲಭ, ಸಂಜೆ ಏಳಕ್ಕೆ ಮನೆ ಸೇರುವ ಹೆಂಗಸು ಸೊಪ್ಪು ಬಿಡಿಸುವುದು ಯಾವಾಗ? ಈ ಪ್ರಶ್ನೆಗೆ ಉತ್ತರ ಕೊಡದ ಸಲಹೆ ಅವಳ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ. ಗಂಡನಿಗೆ ಮೊದಲ ಪಾಳಿಯಿದ್ದ ವಾರಗಳಲ್ಲಿ ಅವರು ಮೂರು ಗಂಟೆಗೇ ಮನೆಯಲ್ಲಿರುತ್ತಾರೆ. ಸೊಪ್ಪು ತರುವುದು, ಬಿಡಿಸುವುದು, ನೆನೆದ ಕಾಳನ್ನು ಬೇಯಿಸುವುದು ಆ ವಾರಗಳಲ್ಲಿ ಅವರದು. ಬೇರೆ ಪಾಳಿಯ ವಾರಗಳಲ್ಲಿ ಅತ್ತೆ ಕಾಳು ನೆನೆಸಿ ಮೊಳಕೆ ಕಟ್ಟಿಟ್ಟರೆ ಅರ್ಧ ಕೆಲಸ ಮುಗಿಯಿತು. ಗಂಡ ತಕರಾರು ಮಾಡುತ್ತಾರೆಂದುಕೊಂಡಿದ್ದೆ. ಅಮ್ಮನಿಗೆ ಸೊಪ್ಪು ಬಿಡಿಸಿಕೊಡುತ್ತಿದ್ದವನೇ ನಾನು ಎಂದರು.

ಊಟದ ಕ್ರಮದ ಬಗ್ಗೆ ಮಾತ್ರ ನಾನು ಸಲಹೆಯ ಧಾಟಿ ಬಿಟ್ಟು ಷರತ್ತಿನಂತೆ ಹೇಳಿದೆ. ರಾತ್ರಿ ಐವರೂ ಒಟ್ಟಿಗೆ ಕೂರಬೇಕು, ಐದು ತಟ್ಟೆಗೂ ಪಲ್ಯ ಬಡಿಸಿದ ಮೇಲೆಯೇ ತಿನ್ನಲು ಶುರು ಮಾಡಬೇಕು. ಮೊಟ್ಟೆ ತಂದ ದಿನ ಐದು ಮೊಟ್ಟೆ ಬೇಯಬೇಕು. ನೋವಾದದ್ದು ಶ್ರೀಮತಿ ಸ ಅವರಿಗೇ. ಮಕ್ಕಳಿಗಿಂತ ಮೊದಲು ತನಗೆ ಬಡಿಸಿಕೊಳ್ಳುವುದು ಅವರಿಗೆ ತಪ್ಪೆನಿಸುತ್ತಿತ್ತು. ಅವರು ಕುಸಿದರೆ ಹದಿನಾಲ್ಕು ಸಾವಿರದ ಸಂಬಳವೂ ನಿಲ್ಲುತ್ತದೆ ಎಂದು ವಾದಿಸಬಹುದಿತ್ತು, ವಾದಿಸಲಿಲ್ಲ. ದುಡಿಯದಿದ್ದರೂ ಅವರಿಗೆ ಊಟ ಸಲ್ಲಬೇಕಾದದ್ದೇ ಎಂದು ಹೇಳಿದೆ.

ಮೂರು ತಿಂಗಳ ನಂತರದ ಲೆಕ್ಕ ಹೀಗಿತ್ತು. ಕಿರಾಣಿ 5,400, ಹಾಲು ಮೊದಲಿನಂತೆಯೇ 2,000, ತರಕಾರಿ ಹಣ್ಣು 2,100, ಮೊಟ್ಟೆ ಮಾಂಸ 1,200, ಹೊರಗಿನದು 900. ಒಟ್ಟು 11,600. ಅಡುಗೆಮನೆಗೆ ನಿಜವಾಗಿ ಸೇರುವುದು ಹೆಚ್ಚಾಗಿ, ತಿಂಗಳಿಗೆ 2,700 ರೂಪಾಯಿ ಉಳಿಯಿತು. ಅದು ಸಾಲದ ಕಂತಿಗೆ ಹೋಗುತ್ತಿದೆ. ಹಿಮೋಗ್ಲೋಬಿನ್ 11.1 ಆಗಿದೆ. ಮಾತ್ರೆ ಇನ್ನೂ ಕೆಲವು ತಿಂಗಳು ಮುಂದುವರಿಯಬೇಕೆಂದು ವೈದ್ಯರು ಹೇಳಿದ್ದಾರೆ.

ಎಲ್ಲವೂ ಸರಿಹೋಗಿಲ್ಲ. ರಾತ್ರಿ ಪಾಳಿಯ ವಾರಗಳಲ್ಲಿ ಮೊಬೈಲ್‌ನಲ್ಲಿ ಊಟ ತರಿಸುವುದು ಮತ್ತೆ ಶುರುವಾಗಿದೆ, 900ರಲ್ಲಿ ಬಹುಪಾಲು ಅದೇ. ಕಾರ್ಖಾನೆಯ ಊಟದ ವಿರಾಮ ಚಿಕ್ಕದು, ಶ್ರೀಮತಿ ಸ ಈಗಲೂ ಡಬ್ಬಿಯ ಅರ್ಧವನ್ನು ಹಾಗೆಯೇ ತರುತ್ತಾರೆ. ಮುಂದಿನ ಭೇಟಿಯಲ್ಲಿ ಅವರ ಮಧ್ಯಾಹ್ನದ ಡಬ್ಬಿಯ ಬಗ್ಗೆ ಮಾತ್ರ ಮಾತಾಡುವುದೆಂದು ತೀರ್ಮಾನಿಸಿದ್ದೇವೆ. ಬೇಗ ತಿನ್ನಬಹುದಾದದ್ದು, ತಣ್ಣಗಾದರೂ ಗಂಟಲಲ್ಲಿ ಇಳಿಯುವಂಥದ್ದು ಏನಿರಬಹುದೆಂದು ಯೋಚಿಸಿಕೊಂಡು ಬರಲು ಗಂಡನಿಗೆ ಹೇಳಿದ್ದೇನೆ.