ವಿಧಾನದ ಅಧ್ಯಾಯದಲ್ಲಿ ನಿಮ್ಮ ಕೆಲಸ ಕಾಣಲಿ

ಪ್ರಶ್ನೆ: ಎಂ.ಎಡ್. ಪ್ರಬಂಧಕ್ಕಾಗಿ ನಮ್ಮ ತಾಲ್ಲೂಕಿನ ಒಂಬತ್ತನೇ ತರಗತಿಯ ಮಕ್ಕಳ ಓದುವ ಹವ್ಯಾಸ ಕುರಿತು ಸಮೀಕ್ಷೆ ಮಾಡಿದ್ದೇನೆ. ಒಟ್ಟು 1200 ಮಕ್ಕಳಲ್ಲಿ 300 ಮಂದಿಗೆ ಪ್ರಶ್ನಾವಳಿ ಕೊಟ್ಟೆ. ಸಂಶೋಧನಾ ವಿಧಾನದ ಅಧ್ಯಾಯ 40 ಪುಟ ಬರೆದರೂ ‘ಇದರಲ್ಲಿ ನಿಮ್ಮ ಕೆಲಸವೇ ಇಲ್ಲ’ ಎಂದು ಗೈಡ್ ವಾಪಸ್ ಕೊಟ್ಟಿದ್ದಾರೆ. ಏನು ತಿದ್ದಬೇಕು?
— ಓದುಗರು, ಹಾವೇರಿ

ಉತ್ತರ: ‘ಸಂಶೋಧನೆ ಎಂದರೇನು’, ‘ಸಮೀಕ್ಷೆಯ ಲಕ್ಷಣಗಳು’ ಎಂಬಂಥ ಪುಟಗಳನ್ನು ಮೊದಲು ತೆಗೆದುಹಾಕಿ. ಅವೆಲ್ಲ ಪರೀಕ್ಷಕರಿಗೆ ಗೊತ್ತು. ನಿಮ್ಮ 300 ಮಕ್ಕಳು ಹೇಗೆ ಸಿಕ್ಕರು ಎಂಬುದು ಗೊತ್ತಿಲ್ಲ. ಕೃತಿಚೌರ್ಯ ತಪಾಸಣೆಯಲ್ಲಿ ಸಿಕ್ಕಿಬೀಳುವುದೂ ಈ ವ್ಯಾಖ್ಯೆಗಳೇ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ 10 ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕಾಗುತ್ತದೆ.

ಹೆಚ್ಚು ಜಾಗ ಕೊಡಬೇಕಾದ್ದು ಮಾದರಿಯ, ಅಂದರೆ ಉತ್ತರಿಸುವ 300 ಮಕ್ಕಳ, ಆಯ್ಕೆಗೆ. ಮಾದರಿಯ ಗಾತ್ರ ಲೆಕ್ಕಹಾಕುವ ಯಮಾನೆ ಸೂತ್ರದಲ್ಲಿ ಶೇ 5 ದೋಷಮಿತಿ (ಫಲಿತಾಂಶ ತಪ್ಪಬಹುದಾದ ಅಂತರ) ಇಟ್ಟರೆ 1200ನ್ನು 4ರಿಂದ (1 + 1200 × 0.05²) ಭಾಗಿಸಿ 300 ಬರುತ್ತದೆ; ಆ ಲೆಕ್ಕ ಬರೆದು ತೋರಿಸಿ. ಸರ್ಕಾರಿ ಶಾಲೆಗಳಲ್ಲಿ 720, ಅನುದಾನಿತದಲ್ಲಿ 300, ಅನುದಾನರಹಿತದಲ್ಲಿ 180 ಮಕ್ಕಳಿದ್ದರೆ, ಕಾಲುಭಾಗದಂತೆ 180, 75, 45 ಆಗಬೇಕು. ಇನ್ನು ಮುಖ್ಯ ಮಾತು: ಹಾಜರಿ ಪುಸ್ತಕದ ಹೆಸರುಗಳಿಂದ ಚೀಟಿ ಎತ್ತಿದಿರೋ, ಅಂದು ತರಗತಿಯಲ್ಲಿದ್ದವರಿಗೆಲ್ಲ ಹಂಚಿದಿರೋ? ಹಂಚಿದ್ದರೆ ಅದು ಎಲ್ಲರಿಗೂ ಅವಕಾಶವಿರುವಂತೆ ಚೀಟಿ ಎತ್ತಿದ ಯಾದೃಚ್ಛಿಕ ಮಾದರಿಯಲ್ಲ, ಸುಲಭವಾಗಿ ಸಿಕ್ಕವರ ಅನುಕೂಲ ಮಾದರಿ. ಆಗ ಶೇ 5 ದೋಷಮಿತಿ ಎನ್ನುವುದಕ್ಕೂ ಅರ್ಥವಿಲ್ಲ. ಇದ್ದದ್ದನ್ನು ಇದ್ದಂತೆ ಬರೆಯಿರಿ. ಮಿತಿ ಹೇಳಿಕೊಂಡ ಅನುಕೂಲ ಮಾದರಿಯನ್ನು ಪರೀಕ್ಷಕರು ಒಪ್ಪಿಯಾರು. ಇಲ್ಲದ ಯಾದೃಚ್ಛಿಕತೆ ವೈವಾದ (ಮೌಖಿಕ ಪರೀಕ್ಷೆಯ) ಮೊದಲ ಪ್ರಶ್ನೆಗೇ ಕುಸಿಯುತ್ತದೆ. ಎಷ್ಟು ಪ್ರಶ್ನಾವಳಿ ಮರಳಿದವು, ಅರ್ಧಂಬರ್ಧ ತುಂಬಿದವೆಂದು ಎಷ್ಟು ಕೈಬಿಟ್ಟಿರಿ, ಉಳಿದದ್ದೆಷ್ಟು ಎಂಬುದೂ ಬೇಕು.

ಪ್ರತಿ ಉದ್ದೇಶಕ್ಕೂ ಯಾವ ಪ್ರಶ್ನೆಗಳು, ಯಾವ ಸಂಖ್ಯಾಶಾಸ್ತ್ರೀಯ ಪರೀಕ್ಷೆ ಎಂದು ಒಂದು ಕೋಷ್ಟಕ ಹಾಕಿ. ಮೂರು ಬಗೆಯ ಶಾಲೆಗಳನ್ನು ಹೋಲಿಸಲು ಎರಡೆರಡು ಗುಂಪುಗಳ ಸರಾಸರಿ ಹೋಲಿಸುವ ಟಿ-ಪರೀಕ್ಷೆಯನ್ನು ಮೂರು ಸಲ ಮಾಡಿದರೆ, ಇಲ್ಲದ ವ್ಯತ್ಯಾಸವನ್ನು ಇದೆಯೆನ್ನುವ ಸಾಧ್ಯತೆ ಶೇ 5ರಿಂದ ಶೇ 14ರ ಹತ್ತಿರಕ್ಕೆ ಏರುತ್ತದೆ; ಮೂರನ್ನೂ ಒಟ್ಟಿಗೆ ಹೋಲಿಸುವ ಅನೋವಾ ಬಳಸಿ. ಕೆಲಸಕ್ಕೆ ಮುಂಚೆ ಬರೆದ ಸಾರಲೇಖದಿಂದ (ಸಿನಾಪ್ಸಿಸ್) ನಕಲಾದ ‘ಸಂಗ್ರಹಿಸಲಾಗುವುದು’ಗಳನ್ನೆಲ್ಲ ‘ಸಂಗ್ರಹಿಸಲಾಯಿತು’ ಎಂದು ತಿದ್ದಲು ಮರೆಯಬೇಡಿ.

ಪ್ರಶ್ನೆ: ಪೂರ್ವಪರೀಕ್ಷೆಯಲ್ಲಿ ಕ್ರೋನ್‌ಬ್ಯಾಕ್ ಆಲ್ಫಾ 0.48 ಬಂದಿದೆ. ಪ್ರಶ್ನಾವಳಿಯನ್ನೇ ಬಿಡಬೇಕೆ?
— ಓದುಗರು, ಮೈಸೂರು

ಉತ್ತರ: ಈಗಲೇ ಬೇಡ. ಪ್ರಶ್ನಾವಳಿಯ ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ ಈ ಆಲ್ಫಾ. ‘ಓದುವುದೆಂದರೆ ನನಗೆ ಬೇಸರ’ ಎಂಬಂಥ ನಕಾರಾತ್ಮಕ ಹೇಳಿಕೆಗಳ ಅಂಕ ತಿರುಗಿಸಿದ್ದೀರಾ, ನೋಡಿ. ಐದಂಶದ ಮಾಪಕದಲ್ಲಿ ಕೊಟ್ಟ ಅಂಕವನ್ನು 6ರಿಂದ ಕಳೆಯಬೇಕು: 1 ಇದ್ದದ್ದು 5, 2 ಇದ್ದದ್ದು 4. ಇದನ್ನು ಮರೆತರೆ ಆಲ್ಫಾ ಕುಸಿಯುತ್ತದೆ. ಆಮೇಲೆ ಉಪಮಾಪಕಗಳ (ಒಂದೊಂದು ವಿಷಯದ ಹೇಳಿಕೆಗಳ ಗುಂಪು) ಆಲ್ಫಾವನ್ನು ಬೇರೆಬೇರೆಯಾಗಿ ತೆಗೆಯಿರಿ. ಓದಿನ ಆಸಕ್ತಿ, ಮನೆಯ ಸೌಲಭ್ಯ ಎರಡನ್ನೂ ಒಂದೇ ಗಂಟು ಕಟ್ಟಿದ್ದರೆ ಹೊಂದಾಣಿಕೆ ಬಾರದು. ಆಗಲೂ ರೂಢಿಯ 0.70 ಮುಟ್ಟದಿದ್ದರೆ, ಒಟ್ಟು ಅಂಕದೊಂದಿಗೆ ಹೊಂದದ ಹೇಳಿಕೆಗಳನ್ನು ತಿದ್ದಿ, ಬೇರೆ ಮಕ್ಕಳ ಮೇಲೆ ಮತ್ತೆ ಪರೀಕ್ಷಿಸಿ. ಪೂರ್ವಪರೀಕ್ಷೆಯ ಮಕ್ಕಳು ಮುಖ್ಯ ಮಾದರಿಯಲ್ಲಿ ಸೇರಬಾರದು. ಕೈಬಿಟ್ಟ ಹೇಳಿಕೆಗಳೆಷ್ಟು, ಏಕೆ ಎಂದು ಅಧ್ಯಾಯದಲ್ಲಿ ಬರೆದು, ಹಳೆಯ ಮತ್ತು ತಿದ್ದಿದ ಪ್ರಶ್ನಾವಳಿ ಎರಡನ್ನೂ ಅನುಬಂಧಕ್ಕೆ ಸೇರಿಸಿ.