ವಿತ್ತೀಯ ಕೊರತೆ ನಿಭಾಯಿಸುವುದರಲ್ಲಿ ಯುಪಿಎ ಮೇಲೋ, ಎನ್‌ಡಿಎ ಮೇಲೋ?
ಹತ್ತು ವರ್ಷದ ಸರಾಸರಿ ಹಾಕಿ ಯುಪಿಎ, ಎನ್‌ಡಿಎ ಹೋಲಿಸಬಹುದೇ ಎಂದು ಕೇಳಿದ್ದೀರಿ. ಹಾಕಬೇಡಿ, ದಾರಿ ತಪ್ಪುತ್ತೀರಿ. ಕೇಂದ್ರದ ವಿತ್ತೀಯ ಕೊರತೆ, ಅಂದರೆ ಆದಾಯ ಮೀರಿ ಮಾಡಿದ ಖರ್ಚು, ಯುಪಿಎ ಕಾಲದ 2007-08ರಲ್ಲಿ ಜಿಡಿಪಿಯ ಸುಮಾರು 2.5% ಇತ್ತು, ಮರುವರ್ಷವೇ 6% ಮುಟ್ಟಿತು. ಜಾಗತಿಕ ಹಣಕಾಸು ಬಿಕ್ಕಟ್ಟು, ರೈತರ ಸಾಲಮನ್ನಾ, ಆರನೇ ವೇತನ ಆಯೋಗ, ಎಲ್ಲ ಒಟ್ಟಿಗೆ ಬಂದವು. ಎನ್‌ಡಿಎ ಕಾಲದ 2020-21ರಲ್ಲಿ ಕೋವಿಡ್‌ನಿಂದ 9% ದಾಟಿತು. ಇಂಥ ಅಸಾಧಾರಣ ವರ್ಷಗಳೇ ಸರಾಸರಿಯನ್ನು ಎಳೆದುಬಿಡುತ್ತವೆ.

ಅಸಲಿ ಎಡವಟ್ಟು ಬಜೆಟ್‌ನ ಹೊರಗಿನ ಸಾಲದ್ದು. ಯುಪಿಎ ತೈಲ ಕಂಪನಿಗಳಿಗೆ ಸಬ್ಸಿಡಿ ಹಣದ ಬದಲು ಬಾಂಡ್ (ಮುಂದೆ ಕೊಡುವ ಸಾಲಪತ್ರ) ಕೊಟ್ಟಿತು. ಎನ್‌ಡಿಎ ಆಹಾರ ಸಬ್ಸಿಡಿಯ ಒಂದು ಭಾಗಕ್ಕೆ ಭಾರತೀಯ ಆಹಾರ ನಿಗಮದ ಕೈಯಲ್ಲಿ ಸಣ್ಣ ಉಳಿತಾಯ ನಿಧಿಯಿಂದ (ಅಂಚೆ ಉಳಿತಾಯದಂಥ ಜನರ ಹಣ ಸೇರುವ ನಿಧಿ) ಸಾಲ ಮಾಡಿಸಿತು. ಎರಡೂ ಕೊರತೆಯ ಲೆಕ್ಕಕ್ಕೆ ಬರಲಿಲ್ಲ! 2021ರ ಬಜೆಟ್ ಆ ನಿಗಮದ ಸಾಲವನ್ನು ಒಳಗೆ ತಂದದ್ದರಿಂದಲೂ 2020-21ರ ಅಂಕಿ ಉಬ್ಬಿದೆ. ಹಾಗಾಗಿ ಬಜೆಟ್ ದಾಖಲೆಗಳಲ್ಲಿ ಇಂಥ ಬಜೆಟ್ ಹೊರಗಿನ ಸಾಲದ ಮೊತ್ತಗಳನ್ನು ಹುಡುಕಿ, ವರ್ಷವಾರು ಕೊರತೆಗೆ ಕೂಡಿಸಿಕೊಂಡೇ ಹೋಲಿಸಿ.