ಗಪ್ಪಿ ಬಂದ ಮೇಲೆ ನೀರುಚಿಗಟ ಚಿಕ್ಕದಾಯಿತೇ?

ಶಿರಸಿ ಹತ್ತಿರದ ಓದುಗರೊಬ್ಬರ ಪತ್ರ: 'ನಮ್ಮ ಅಡಿಕೆ ತೋಟದ ಕೆರೆಯಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ನೀರುಚಿಗಟ ಕುಣಿಯುತ್ತಿದ್ದವು. ಸೊಳ್ಳೆ ಕಾಟಕ್ಕೆ ಗಪ್ಪಿ ಮೀನು ಬಿಟ್ಟೆವು. ಈಗ ಕೊಡ ಮುಳುಗಿಸಿದರೆ ಬರೀ ಧೂಳಿನಂಥವು. ಮೈ ದೊಡ್ಡದಾದಷ್ಟೂ ಮರಿ ಜಾಸ್ತಿ ಎಂದು ನೀವೇ ಬರೆದಿದ್ದಿರಿ. ಹಾಗಾದರೆ ದೊಡ್ಡವೇ ಉಳಿಯಬೇಕಿತ್ತು, ಅಲ್ವಾ? ತಳಿ ಕೆಟ್ಟಿತೇ?'

ತಳಿ ಕೆಟ್ಟಿಲ್ಲ. ನಾವು ಅರ್ಧ ಮಾತು ಹೇಳಿ ಸುಮ್ಮನಾಗಿದ್ದೆವು, ತಪ್ಪು ನಮ್ಮದೇ.

ನೀರುಚಿಗಟ, ಅಂದರೆ ಡಾಫ್ನಿಯಾ ಎಂಬ ಸೀಗಡಿಯ ದೂರದ ನೆಂಟ, ಮೊಟ್ಟೆ ಹೊರುವುದು ಬೆನ್ನಿನ ಚೀಲದಲ್ಲಿ. ಚಿಪ್ಪು ಗಾಜಿನ ಹಾಗೆ. ಭೂತಗನ್ನಡಿ ಹಿಡಿದರೆ ಮೊಟ್ಟೆ ಎಣಿಸಬಹುದು. ಮೈ ದೊಡ್ಡದಾದರೆ ಚೀಲವೂ ದೊಡ್ಡದು. ಒಳ್ಳೆಯ ದಿನಗಳಲ್ಲಿ ಗಂಡಿನ ಗೊಡವೆಯೇ ಇಲ್ಲ, ಹುಟ್ಟುವುದೆಲ್ಲ ಹೆಣ್ಣೇ. 20 ಡಿಗ್ರಿ ನೀರು, ಹೊಟ್ಟೆ ತುಂಬ ಪಾಚಿ ಇದ್ದರೆ ಮೂರು-ನಾಲ್ಕು ದಿನಕ್ಕೊಂದು ಸೂಲು. ಪ್ರತಿ ಸಲವೂ ಪೊರೆ ಕಳಚಿ ಒಂದಿಷ್ಟು ಬೆಳೆಯುತ್ತದೆ.

ಆದರೆ ಗಪ್ಪಿ ಕಣ್ಣಿನಿಂದ ಬೇಟೆಯಾಡುತ್ತದೆ. ಕಾರವಾರದ ಮೀನುಪೇಟೆಯಲ್ಲಿ ಬುಟ್ಟಿಯ ದಪ್ಪ ಬಂಗಡೆ ಮೊದಲು ಖಾಲಿಯಾಗುತ್ತದಲ್ಲ, ಹಾಗೆ. ಚೀಲ ತುಂಬಿದ ಬಸುರಿ ಇನ್ನೂ ಎದ್ದು ಕಾಣುತ್ತಾಳೆ, ಪಾಪ. ಅಮೆರಿಕದ ಕನೆಕ್ಟಿಕಟ್‌ನ ಕ್ರಿಸ್ಟಲ್ ಸರೋವರದಲ್ಲಿ 1942ರಲ್ಲಿ ಇಂಥ ತೇಲುಜೀವಿಗಳ ಪೈಕಿ ದೊಡ್ಡವಿದ್ದವು. ಆಮೇಲೆ ಬ್ಲೂಬ್ಯಾಕ್ ಹೆರಿಂಗ್ ಎಂಬ ಮೀನು ಬಂತು. 1964ರಲ್ಲಿ ನೋಡಿದರೆ ಚಿಕ್ಕವುಗಳದ್ದೇ ರಾಜ್ಯ. ಬ್ರೂಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು 1965ರಲ್ಲಿ ಇದನ್ನು ಪ್ರಕಟಿಸಿದರು.

ನಿಮ್ಮ ಕೆರೆಯ ಧೂಳಿನಂಥವು ಬೇರೆಯೇ ಜಾತಿಯವು ಇರಬಹುದು, ಮೊಯ್ನಾದಂಥವು. ಹಳೆಯವೇ ಗಿಡ್ಡವಾಗಿರಲೂಬಹುದು. ನೀರಿನಲ್ಲಿ ಮೀನಿನ ವಾಸನೆ ಕರಗಿದ್ದರೆ ಡಾಫ್ನಿಯಾ ಬೆಳೆಯುವುದನ್ನು ಬಿಟ್ಟು ಬೇಗ ಮೊಟ್ಟೆ ಇಡಲು ತೊಡಗುತ್ತದೆ. ಸಾಯುವ ಮೊದಲು ಒಂದು ಸೂಲಾದರೂ ಮುಗಿಯಲಿ ಎಂಬ ಲೆಕ್ಕ! ಕೇಬೊರಸ್ ಎಂಬ ಸೊಳ್ಳೆಯಂಥ ಕೀಟದ ಗಾಜಿನಂಥ ಮರಿಹುಳ ಇರುವ ಕಡೆ ತದ್ವಿರುದ್ಧ. ಅದು ಚಿಕ್ಕವನ್ನೇ ಹಿಡಿದು ತಿನ್ನುತ್ತದೆ. ಅದಕ್ಕೇ ಅಲ್ಲಿ ಡಾಫ್ನಿಯಾ ಮೊದಲು ಮೈ ಬೆಳೆಸುತ್ತದೆ, ಹೆರಿಗೆ ಆಮೇಲೆ. ಕೆಲವಕ್ಕೆ ಕತ್ತಿನ ಹಿಂದೆ ಹಲ್ಲಿನಂಥ ಮುಳ್ಳೂ ಮೂಡುತ್ತದೆ.

ದೊಡ್ಡವನ್ನು ಮತ್ತೆ ನೋಡುವ ಆಸೆಯಿದ್ದರೆ ಒಂದು ಉಪಾಯ. ಕಷ್ಟಕಾಲ ಬಂದಾಗ ಗಂಡುಗಳೂ ಹುಟ್ಟುತ್ತವೆ. ಆಗ ಹೆಣ್ಣು ಕುದುರೆಯ ಜೀನಿನಂಥ ಕಪ್ಪು ಹೊದಿಕೆಯೊಳಗೆ ಎರಡು ಗಟ್ಟಿ ಮೊಟ್ಟೆ ಇಡುತ್ತದೆ. ಅವು ಕೆಸರಿನಲ್ಲಿ ವರ್ಷಗಟ್ಟಲೆ ಬಾಳುತ್ತವೆ. ಬೇಸಿಗೆಯಲ್ಲಿ ಕೆರೆಯಂಚಿನ ಒಣ ಕೆಸರು ಎರಡು ಬೊಗಸೆ ತಂದು ತೊಟ್ಟಿಗೆ ಹಾಕಿ, ಬಾವಿ ನೀರು ತುಂಬಿಸಿ, ಬಿಸಿಲು-ನೆರಳಿನಲ್ಲಿಡಿ. ಗಪ್ಪಿ ಬೇಡ. ಮೇಲೆ ತೆಳು ಬಟ್ಟೆ ಕಟ್ಟಲು ಮರೆಯಬೇಡಿ, ಇಲ್ಲದಿದ್ದರೆ ಮೊದಲು ಏಳುವುದು ಸೊಳ್ಳೆ.